ಕುಕ್ಕರಿನ ವಿದ್ಯೆ, ಫಿಯೆಟ್ಟಿನ ಜ್ವರ

ವಡಪಳನಿಯಲ್ಲಿ ನೂರಡಿ ರಸ್ತೆಯೂ ಆರ್ಕಾಟ್ ರಸ್ತೆಯೂ ಕೂಡುವ ಜಾಗದಲ್ಲಿ ಅಗ್ನಿನಕ್ಷತ್ರದ ಮಧ್ಯಾಹ್ನ ಸಿಗ್ನಲ್ಲಿಗೆ ಸಿಕ್ಕಿಕೊಂಡವರಿಗೆ ಬಿಸಿಲೆಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. 2003ರ ಮೇ ಕೊನೆಯಲ್ಲಿ ಈ ಊರು 45 ಡಿಗ್ರಿ ಕಂಡಿತ್ತು. ನಿಮ್ಮಂಥ ಹುಡುಗ ಹುಡುಗಿಯರಿಗೆ ಈಗ ಕಾರಿನಲ್ಲಿ ಏಸಿ ಇದೆ, ಗಾಜು ಏರಿಸಿಕೊಂಡು ಹಾಡು ಕೇಳುತ್ತೀರಿ. ನಾನು ಹೇಳಹೊರಟಿರುವುದು ಏಸಿ ಇಲ್ಲದ, ವಯಸ್ಸಾದ, ಆದರೆ ಯೌವನದ ಸೊಕ್ಕು ಇನ್ನೂ ಇಳಿಯದ ಒಂದು ಕಾರಿನ ವಿಷಯ.

ಅದು ನಮ್ಮ ಮಾವನವರು 1970ರ ದಶಕದಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ಹೆಸರು ಏನೇ ಇರಲಿ, ನಮ್ಮ ಮನೆಯಲ್ಲಿ ಅದು ಎಂದೂ ‘ಫಿಯೆಟ್ಟು’. 1089 ಸಿಸಿ ಎಂಜಿನ್, ಸುಮಾರು 40 ಕುದುರೆಶಕ್ತಿ. ಅಷ್ಟರಲ್ಲೇ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ನನ್ನ ಮೈದುನನಿಗೆ ಶೋಳಾವರಂ ಹುಚ್ಚು. ಮದರಾಸಿನ ಉತ್ತರಕ್ಕೆ, ಎರಡನೆಯ ಮಹಾಯುದ್ಧ ಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳವು. ಆಮೇಲೆ ಅವೆಲ್ಲ ಇರುಂಗಾಟುಕೋಟೆಗೆ ಹೋದವು. ಶೋಳಾವರಂನಲ್ಲಿ ಫಿಯೆಟ್ಟು, ಹೆರಾಲ್ಡ್ ಕಾರುಗಳ ಎಂಜಿನ್ನಿಗೆ ಕೈಯಾಡಿಸಿ ಓಡಿಸುವುದನ್ನು ನೋಡಿ ಬಂದ ಮೈದುನ, ನಮ್ಮ ಕಾರಿನ ಸಿಲಿಂಡರ್ ಹೆಡ್ಡನ್ನು ಲೇತಿನಂಗಡಿಗೆ ಕೊಟ್ಟು ತೆಳ್ಳಗೆ ಕೆತ್ತಿಸಿ, ದೊಡ್ಡ ಕಾರ್ಬೊರೇಟರ್ ಹಾಕಿಸಿಬಿಟ್ಟರು. ಹೆಡ್ ತೆಳ್ಳಗಾದರೆ ಪೆಟ್ರೋಲಿನ ಆವಿ ಇನ್ನೂ ಬಿಗಿಯಾಗಿ ಒತ್ತಿಕೊಂಡು ಉರಿಯುತ್ತದೆ, ಜೋರು ಹೆಚ್ಚುತ್ತದೆ. “ಇದು ಓಡೋದಿಲ್ಲ ಕಣೋ, ಜಿಗಿಯುತ್ತೆ” ಎಂದು ಮಾವನವರು ಬೈದುಕೊಂಡೇ ಓಡಿಸಿದರು.

ಆ ಕಾರು ಈಗ ನನ್ನ ಮಗಳ ಕೈಯಲ್ಲಿದೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ, ಎಂಬತ್ತಾರು ವಯಸ್ಸಿನ ನಮ್ಮ ಅತ್ತೆಯವರು ಗಂಡನ ಕಾರಿನಲ್ಲೇ ಮುರುಗನ ಗುಡಿಗೆ ಹೋಗಬೇಕೆಂದರು. ಗುಡಿ ಇನ್ನು ನಾಲ್ಕು ಹೆಜ್ಜೆ ಎನ್ನುವಾಗ ಬಾನೆಟ್ಟಿನಿಂದ ಬಿಳಿ ಆವಿ. ಹಿಂದಿನಿಂದ ಹಾರನ್ನು. ಒಬ್ಬ ಪುಣ್ಯಾತ್ಮ ಬಾಟಲಿಯಲ್ಲಿ ನೀರು ತಂದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಮಗಳು “ವೇಂಡಾಂ ಅಣ್ಣಾ!” ಎಂದು ಕೂಗಿ ಅವನ ಕೈ ಹಿಡಿದೆಳೆದಳು. ಅತ್ತೆಯವರನ್ನು ಹೂ ಮಾರುವವಳೊಬ್ಬಳು ತನ್ನ ಸ್ಟೂಲಿನ ಮೇಲೆ ನೆರಳಲ್ಲಿ ಕೂರಿಸಿಕೊಂಡಳು.

ಆ ಮುಚ್ಚಳದ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದು ಅಡುಗೆಮನೆಯವರಿಗೆ ಚೆನ್ನಾಗಿ ಗೊತ್ತು. ಕುಕ್ಕರಿನಲ್ಲಿ ಒತ್ತಡ ಏರಿದಾಗ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ಹೋಗುತ್ತದಲ್ಲ, ರೇಡಿಯೇಟರ್ ಮುಚ್ಚಳದ್ದೂ ಅದೇ ಕೆಲಸ. ಏಳು ಪೌಂಡ್ ಒತ್ತಡ ತಡೆಯುವ ಮುಚ್ಚಳವಿದ್ದರೆ ನೀರು 111 ಡಿಗ್ರಿಯ ತನಕ ಕುದಿಯುವುದಿಲ್ಲ. ಬಿಸಿಯಿರುವಾಗ ಅದನ್ನು ತೆರೆದರೆ, ಸೀಟಿ ಇಳಿಯದ ಕುಕ್ಕರನ್ನು ಬಲವಂತವಾಗಿ ತೆಗೆದ ಹಾಗೆ. ಮುಖ, ಕೈ ಬೆಂದುಹೋಗುತ್ತದೆ. ಅರ್ಧ ಗಂಟೆಯಾದರೂ ಕಾದು, ಮೇಲಿನ ರಬ್ಬರ್ ಹೋಸ್ ಹಿಸುಕಿದರೆ ಮೆತ್ತಗಿದೆಯೇ ನೋಡಿ, ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಬೇಕು. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿಯಲೂ ಬಾರದು, ಲೋಹ ಬಿರುಕು ಬಿಡಬಹುದು.

ಆ ರಾತ್ರಿ ಮನೆಯಲ್ಲಿ ಪಂಚಾಯಿತಿ. ನಮ್ಮವರು ಮಾರಿಬಿಡೋಣ ಎಂದರು. ಮೈದುನ ಫೋನಿನಲ್ಲೇ, “ಮಾರುತಿ ಎಂಜಿನ್ ಕೂರಿಸಿಬಿಡಿ ಅತ್ತಿಗೆ, ತಲೆನೋವೇ ಇಲ್ಲ” ಎಂದರು. ತಲೆನೋವು ತಂದಿಟ್ಟವರೇ ಹಾಗೆಂದದ್ದು ನನಗೆ ನಗು ತರಿಸಿತು. ಮಗಳಿಗೆ ಎರಡೂ ಬೇಡ. ತಾತ ಓಡಿಸಿದ ಎಂಜಿನ್ನೇ ಇರಬೇಕು, ಒಂದು ಬೇಸಿಗೆ ಅವಕಾಶ ಕೊಡಿ ಎಂದಳು. ಹೆಡ್ ಬಿಚ್ಚಿ ನೋಡಿದ ಮೆಕ್ಯಾನಿಕ್ ಹೇಳಿದ ಮಾತು ಇನ್ನೂ ಗಂಭೀರವಾಗಿತ್ತು. ಅದು ಅಲ್ಯೂಮಿನಿಯಂ ಹೆಡ್. ಹೆಚ್ಚು ಕಾದರೆ ಸೊಟ್ಟಗಾಗುತ್ತದೆ. ಬೇರೆ ಕಾರುಗಳಲ್ಲಿ ಒಂದು ಸಲ ಕೆತ್ತಿ ಮಟ್ಟ ಮಾಡುತ್ತಾರೆ. ಇಲ್ಲಿ ಅದನ್ನು ಮೈದುನ ಆಗಲೇ ಮಾಡಿ ಮುಗಿಸಿದ್ದಾರೆ, ಇನ್ನು ಕೆತ್ತಲು ಲೋಹವೇ ಇಲ್ಲ. ಈ ಸಲ ಗ್ಯಾಸ್ಕೆಟ್ ಮಾತ್ರ ಹೋಗಿದೆ, ಇನ್ನೊಂದು ಸಲ ಹೀಗಾದರೆ ಹೆಡ್ಡನ್ನು ಗುಜರಿಗೆ ಹಾಕಬೇಕು, ಅಷ್ಟೇ.

ರೇಸಿನಲ್ಲಿ ಕಾಯದ ಎಂಜಿನ್ ಸಿಗ್ನಲ್ಲಿನಲ್ಲಿ ಏಕೆ ಕಾಯುತ್ತದೆ? ಮಗಳು ಕಾಗದದ ಮೇಲೆ ಬರೆದು ತೋರಿಸಿದಳು. ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ನೀರಿಗೆ ಇಳಿಯುತ್ತದೆ. ಆ ನೀರನ್ನು ತಣಿಸುವುದು ಗಾಳಿ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನೇ ಗತಿ, ಅದೋ ಬೆಲ್ಟಿನಿಂದ ಎಂಜಿನ್ನಿನ ಜೊತೆಗೇ ತಿರುಗುವಂಥದ್ದು. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ನೀರಿನ ಪಂಪೂ ನಿಧಾನ. ಗಾಳಿ ಹೆಚ್ಚು ಬೇಕಾದಾಗಲೇ ಕಡಿಮೆ ಸಿಗುವ ಏರ್ಪಾಡು! ಮೇಲಾಗಿ ಮಾರ್ಗಶಿರದ ಬೆಳಿಗ್ಗೆ ಗಾಳಿ 25 ಡಿಗ್ರಿ, ನೀರು 90 ಎಂದರೆ ಅಂತರ 65. ಮೇ ತಿಂಗಳಲ್ಲಿ ಗಾಳಿಯೇ 42 ಆದರೆ ಅಂತರ 48. ತಣಿಯುವ ಶಕ್ತಿಯಲ್ಲಿ ಕಾಲು ಭಾಗ ಅಲ್ಲೇ ಹೋಯಿತು. ಮುಂದಿನ ಬಸ್ಸಿನ ಹೊಗೆ, ಕಾದ ಡಾಂಬರು ಲೆಕ್ಕಕ್ಕೇ ಬಂದಿಲ್ಲ.

ರೇಡಿಯೇಟರನ್ನು ಪುದುಪೇಟೆಗೆ ಕೊಂಡೊಯ್ದೆವು. ಬಿಚ್ಚಿದಾಗ ಒಳಗಿನ ಸಣ್ಣ ಕೊಳವೆಗಳಲ್ಲಿ ಅರ್ಧಕ್ಕರ್ಧ ಬಿಳಿ ಗಟ್ಟಿ. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು! ನಮ್ಮ ಬೋರ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣ. 2019ರ ಬೇಸಿಗೆಯಲ್ಲಿ ಊರಿಗೆ ನೀರಿಲ್ಲದೆ ಲಾರಿಯ ಹಿಂದೆ ಕೊಡ ಹಿಡಿದು ನಿಂತಿದ್ದಾಗ ಕಾರಿಗೆ ಒಳ್ಳೆಯ ನೀರು ಯಾರು ಹಾಕಿಯಾರು? ಹೊಸ ತಾಮ್ರದ ಕೋರ್ ಹಾಕಿಸಿದೆವು. ಈಗ ಬ್ಯಾಟರಿಗೆ ಹಾಕುವ ಶುದ್ಧ ನೀರು, ಜೊತೆಗೆ ಕೂಲೆಂಟ್. ಕೂಲೆಂಟ್ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಶಾಖ ಹೊರುವುದರಲ್ಲಿ ಬರೀ ನೀರೇ ಗಟ್ಟಿಗ. ಚೆನ್ನೈನಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲವಲ್ಲ, ತುಕ್ಕು ತಡೆಯುವಷ್ಟು ಇದ್ದರೆ ಸಾಕು.

ಥರ್ಮೋಸ್ಟಾಟ್ ಕಿತ್ತೆಸೆಯಿರಿ ಎಂದು ಸಲಹೆ ಕೊಟ್ಟವರು ಬಹಳ. ನಾವು ಕೀಳಲಿಲ್ಲ. ಕಟ್ಟಿಕೊಂಡ ಕೊಳವೆ ಅದರಿಂದ ತೆರೆಯುವುದಿಲ್ಲ, ಬೆಳಗಿನ ಹೊತ್ತು ಎಂಜಿನ್ ಬೆಚ್ಚಗಾಗದೆ ಸವೆಯುತ್ತದೆ. ಅದರ ಬದಲು ಫ್ಯಾನಿನ ಸುತ್ತ ತಗಡಿನ ಬಳೆ ಮಾಡಿಸಿದೆವು. ಬಳೆಯಿಲ್ಲದ ಫ್ಯಾನು ಅಕ್ಕಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತದೆ, ಬಳೆಯಿದ್ದರೆ ಇಡೀ ರೇಡಿಯೇಟರಿನ ಮೂಲಕ ಎಳೆಯುತ್ತದೆ. ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನ್ ಕೂಡ ಬಂತು. ಅದು ಎಂಜಿನ್ನಿನ ವೇಗ ಕೇಳುವುದಿಲ್ಲ. ಬೇಡವೆಂದಾಗ ಬಿಚ್ಚಿಬಿಡಬಹುದು, ಕಾರಿಗೆ ಒಂದು ತೂತೂ ಕೊರೆದಿಲ್ಲ. ಇದು ಮಗಳ ಹಟ.

ಕೊನೆಗೆ ಉಳಿದದ್ದು ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್. ಹಳೆಯ ಕಾರ್ಬೊರೇಟರಿಗೆ ಇದು ಗೊತ್ತಾಗುವುದಿಲ್ಲ, ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣ ಹೆಚ್ಚು ಕಾಯುತ್ತದೆ. ಮೆಕ್ಯಾನಿಕ್ ಜೆಟ್ ಬದಲಿಸಿ, ಕಿಡಿ ಹಾರುವ ಸಮಯ ಸರಿಮಾಡಿ, ಹಳೆಯ ರಬ್ಬರ್ ಕೊಳವೆಗಳನ್ನೂ ತೆಗೆದರು. ನಡುವೆ ಇನ್ನೊಂದು ಕಾಯಿಲೆ ಇದೆ: ಮುಳ್ಳು ಸರಿಯಾಗೇ ಇರುತ್ತದೆ, ಆದರೂ ಕಾರು ಕೆಮ್ಮಿ ನಿಂತುಬಿಡುತ್ತದೆ. ಅದು ನೀರಿನ ತಕರಾರಲ್ಲ, ಪೆಟ್ರೋಲೇ ಪಂಪಿನಲ್ಲಿ ಆವಿಯಾಗಿರುತ್ತದೆ. ಮಾವನವರು ಅದಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದರು.

ವಡಪಳನಿಯಲ್ಲೇ ಎ.ವಿ.ಎಂ. ಸ್ಟುಡಿಯೋ ಆವರಣದಲ್ಲಿ 2023ರಲ್ಲಿ ಹಳೆಯ ಕಾರುಗಳ ಸಂಗ್ರಹಾಲಯ ತೆರೆದರು. ನಮ್ಮ ಕನ್ನಡ ಚಿತ್ರರಂಗವೂ ಇದೇ ಓಣಿಗಳಲ್ಲಿ ಅಡ್ಡಾಡಿದ ಕಾಲವೊಂದಿತ್ತು. ನೆಂಟರು ಬಂದರೆ ಕರೆದುಕೊಂಡು ಹೋಗಿ, ಚೆನ್ನಾಗಿದೆ. ಒಮ್ಮೆ ಹೋಗಿದ್ದಾಗ ಅತ್ತೆಯವರು, “ಇಲ್ಲಿನ ಕಾರುಗಳಿಗೆ ಬೆವರೋದಿಲ್ಲ ಬಿಡು” ಎಂದರು.

ಕಳೆದ ಮೇ ತಿಂಗಳಲ್ಲಿ ಮಗಳು ಅಜ್ಜಿಯನ್ನು ಕೂರಿಸಿಕೊಂಡು ಅದೇ ಸಿಗ್ನಲ್ ದಾಟಿದಳು. ನಾನು ಹಿಂದಿನ ಸೀಟಿನಲ್ಲಿ ಕೂತು ದೇವರನ್ನು ಬಿಟ್ಟು ಮುಳ್ಳನ್ನೇ ನೋಡುತ್ತಿದ್ದೆ. ಸಿಗ್ನಲ್ ಮೂರು ಸಲ ಕೆಂಪಾಯಿತು. ಪ್ರತಿ ಸಲವೂ ಅವಳು ಗೇರ್ ತೆಗೆದು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಳು, ಬೆಲ್ಟಿನ ಫ್ಯಾನು ಜೋರಾಗಲಿ ಎಂದು. ಮುಳ್ಳು ತೊಂಬತ್ತಕ್ಕೆ ಏರಿತು, ಎಲೆಕ್ಟ್ರಿಕ್ ಫ್ಯಾನ್ ಗುರ್ರೆಂದಿತು, ಮುಳ್ಳು ಅಲ್ಲೇ ನಿಂತಿತು. ಅತ್ತೆಯವರು ಮಾತ್ರ ಕಿಟಕಿಯಿಂದ ಹೊರಗೆ ಬಗ್ಗಿ ಆ ಹೂವಿನವಳು ಕೂತಿದ್ದಾಳೋ ಇಲ್ಲವೋ ಎಂದು ಹುಡುಕುತ್ತಿದ್ದರು.