ಗಿಡ ಇಲ್ಲದ ಗುಡ್ಡ

2022ರಲ್ಲಿ ಚಂದ್ರದ್ರೋಣ ಪರ್ವತದಾಗ ಕುರಿಂಜಿ ಅರಳ್ಯಾವ ಅಂತ ಸುದ್ದಿ ಬಂತು. ದೇವದುರ್ಗದಿಂದ ಕಾಕಾನ್ನೂ ಕರಕೊಂಡು ಮುಳ್ಳಯ್ಯನಗಿರಿಗೆ ಹೋದೆ. ಸುಮಾರು 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಮೆಟ್ಟಿಲು ಹತ್ತಿ, ದಮ್ಮು ತಗೊಂಡು, ಸುತ್ತ ನೋಡಿದ ಕಾಕಾ ಅಂದ್ರು: “ಒಂದರ ಗಿಡ ಐತೇನು ಇಲ್ಲಿ? ನಮ್ಮೂರ ಗುಡ್ಡ ನೋಡಾಕ ಇಷ್ಟು ದೂರ ಬರಬೇಕಿತ್ತಾ?”

ನಮ್ಮ ಕಡೆ ಮರಕ್ಕೂ ಗಿಡ ಅಂತೀವಿ. ಕಾಕಾ ಹುಡುಕುತ್ತಿದ್ದದ್ದು ಮರ. ಅವು ಕೆಳಗೆ ಕಣಿವೆಯ ಮಡಿಕೆಗಳಲ್ಲಿ ಒತ್ತೊತ್ತಾಗಿ ನಿಂತಿದ್ದವು. ಅದಕ್ಕೆ ಶೋಲಾ ಕಾಡು ಅಂತಾರೆ. ಮೇಲೆಲ್ಲ ಹುಲ್ಲು, ಹುಲ್ಲಿನ ನಡುವೆ ಕುರಿಂಜಿಯ ನೀಲಿ.

ಕಾಕಾ ಕೇಳಿದ್ದನ್ನೇ ಅರಣ್ಯಶಾಸ್ತ್ರವೂ ಕೇಳಿತ್ತು. ಬ್ರಿಟಿಷ್ ಅರಣ್ಯಾಧಿಕಾರಿ ಚಾಂಪಿಯನ್ 1936ರಲ್ಲಿ ಭಾರತದ ಕಾಡುಗಳನ್ನು ವರ್ಗೀಕರಿಸಿದರು. 1968ರಲ್ಲಿ ಸೇಠ್ ಜೊತೆ ಅದನ್ನು ಪರಿಷ್ಕರಿಸಿದರು. ಇವತ್ತಿಗೂ ನಮ್ಮಲ್ಲಿ ಆ ಪಟ್ಟಿಯೇ ಆಧಾರ. ಅದರಲ್ಲಿ ಶೋಲಾಕ್ಕೆ ಸ್ವಂತ ಸ್ಥಾನ ಉಂಟು. ಹುಲ್ಲಿಗೆ ಸಿಕ್ಕದ್ದು ಅದರ ಕೆಳಗೆ ‘ಡಿಎಸ್ 2’ ಎಂಬ ಗುರುತು. ಡಿಎಸ್ ಅಂದರೆ ಕಾಡು ಕೆಟ್ಟು ಉಳಿದ ಹಂತ.

ಕೆಟ್ಟದ್ದು ಅಂತ ಬರೆದ ಮೇಲೆ ರಿಪೇರಿ ಮಾಡಬೇಕು ಅನ್ನಿಸ್ತದ. ನೀಲಗಿರಿಯ ಹುಲ್ಲುಗಾವಲಿನಲ್ಲಿ ಆಸ್ಟ್ರೇಲಿಯಾದ ವಾಟಲ್ ಮರ ನೆಟ್ಟರು. ಈಗ ಅದನ್ನು ಕೀಳೋದೇ ದೊಡ್ಡ ಕೆಲಸವಾಗಿದೆ. ಅದೇ ನೀಲಗಿರಿಯ ಜೌಗು ಮಣ್ಣಿನ ಇಂಗಾಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಅಲ್ಲಿ ಹುಲ್ಲು ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದೆಯೂ ಇತ್ತು. ಕೊಡಲಿ ಬರೋದಕ್ಕಿಂತ ಎಷ್ಟೋ ಮೊದಲು.

ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಬ್ರಾನ್-ಬ್ಲಾಂಕೆ ಎಂಬ ಸ್ವಿಸ್ ಸಸ್ಯಶಾಸ್ತ್ರಜ್ಞ ಬೇರೆ ದಾರಿ ಹಿಡಿದರು. ನೆಲದಲ್ಲಿ ಒಂದು ಚೌಕ ಗುರುತು ಮಾಡಿ, ಅದರೊಳಗೆ ಯಾವ್ಯಾವ ಸಸ್ಯ ಐತಿ, ಯಾವುದು ಎಷ್ಟು ಜಾಗ ಹಿಡಿದೈತಿ ಅಂತ ಬರೀಬೇಕು. ಇಂಥ ನೂರಾರು ಚೌಕ ಹೋಲಿಸಿ, ಒಟ್ಟೊಟ್ಟಿಗೆ ಬರುವ ಸಸ್ಯಗಳನ್ನು ಒಂದು ಸಮುದಾಯ ಅನ್ನಬೇಕು. ಅದರ ಹೆಸರೂ ಅಲ್ಲಿರುವ ಸಸ್ಯದ್ದೇ. ಆಲ್ಪ್ಸ್‌ನ ಎತ್ತರದ ಒಂದು ಹುಲ್ಲುಗಾವಲಿಗೆ ಅಲ್ಲಿ ಬೆಳೆಯುವ ಕ್ಯಾರೆಕ್ಸ್ ಎಂಬ ಜೇಕಿನ ಹೆಸರೇ ಇಟ್ಟಾರ. ಇಲ್ಲದ ಮರದ ಲೆಕ್ಕ ಅಲ್ಲಿ ಬರೋದಿಲ್ಲ.

ಇದು ನಮಗ್ಯಾಕ ಅಂದರೆ, ತುಂಗಾ ಮತ್ತು ಭದ್ರಾ ಎರಡೂ ಹುಟ್ಟೋದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ, ಇಂಥದೇ ಶೋಲಾ-ಹುಲ್ಲಿನ ನಡುವೆ. ಆ ನೀರು ಎಡದಂಡೆ ಕಾಲುವೆಯಲ್ಲಿ ಬಂದು ಮಾನ್ವಿಯ ಭತ್ತ ಬೆಳೀತದ.

ಇನ್ನೊಂದು ಕಾರಣ ನಮ್ಮ ಪಹಣಿಯಲ್ಲೇ ಐತಿ. ಅದರಲ್ಲಿ ‘ಖರಾಬು’ ಅಂತ ಒಂದು ಕಲಂ. ಉಳಲಿಕ್ಕೆ ಬಾರದ ಕಲ್ಲು, ಕೊರಕಲು, ಗುಡ್ಡ ಎಲ್ಲ ಅದರೊಳಗೆ. ಕಾಕಾ ಸಣ್ಣವರಿದ್ದಾಗ ಕುರಿ ಕಾಯ್ದದ್ದು, ಬಾರಿಹಣ್ಣು ತಿಂದದ್ದು ಅಂಥ ಜಾಗದಲ್ಲೇ. ಕಾಗದದಾಗ ಮಾತ್ರ ಅಲ್ಲಿ ಏನೂ ಇಲ್ಲ. ಏನೂ ಇಲ್ಲದ ಜಾಗದಾಗ ಬಳ್ಳಾರಿ ಜಾಲಿ ತುಂಬಿಕೊಂಡರೂ, ಕ್ವಾರಿ ಬಂದರೂ ಯಾರೂ ಕೇಳೋದಿಲ್ಲ.

ಈ ಸಲ ಮಳೆ ಬಿದ್ದ ಮೇಲೆ ಹಗ್ಗ ತಗೊಂಡು ಊರ ಗುಡ್ಡ ಹತ್ತಿದೆವು. ನಾಲ್ಕು ಕಲ್ಲಿಟ್ಟು ಒಂದು ಮೀಟರಿನ ಚೌಕ ಮಾಡಿದೆ. ಕಾಕಾ ಕುಂತು ಹೆಸರು ಹೇಳುತ್ತ ಹೋದರು, ನಾನು ಬರೆದೆ. ಹನ್ನೊಂದು ಹೆಸರಾದವು. ತಂಗಡಿ ಸಸಿ ಬಿಟ್ಟರೆ ನನಗೆ ಗೊತ್ತಿದ್ದದ್ದು ಎರಡೇ. ಮೂಲೆಯ ಒಂದು ಸಣ್ಣ ಹುಲ್ಲಿಗೆ ಕಾಕಾನೂ ತಡವರಿಸಿದರು.

“ಹೆಸರು ನೆನಪಿಲ್ಲ. ಕುರಿ ಭಾಳ ಇಷ್ಟಪಟ್ಟು ತಿಂತಾವ. ಹಂಗ ಬರಿ.”

ಹಂಗೇ ಬರಕೊಂಡೆ.