ಗೀರು ಬೀಳದ ಗಡಿಯಾರ

ಗಂಗಾವತಿಯ ಪೇಟೆಯಲ್ಲಿ ಹಳೆಯ ರಾಡೋ ಡಯಾಸ್ಟಾರ್ ಕೈಗಡಿಯಾರವೊಂದನ್ನು ಕೊಂಡೆ. 1962ರಲ್ಲಿ ಸ್ವಿಟ್ಜರ್ಲೆಂಡಿನಿಂದ ಹೊರಬಂದ ಈ ಮಾದರಿಯ ಕವಚ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿಲೋಹ. ಗಾಜು ಕೃತಕ ನೀಲಮಣಿ. ಚರ್ಮದ ಪಟ್ಟಿಯ ಬದಲು ಲೋಹದ ಪಟ್ಟಿಯಿದ್ದುದು ನಮ್ಮಂಥವರಿಗೆ ಅನುಕೂಲವೇ. ನಾವು ಬಹುಕಾಲ ಕಟ್ಟಿದ ಎಚ್.ಎಂ.ಟಿ. ಗಡಿಯಾರದ ಅಕ್ರಿಲಿಕ್ ಮುಖವನ್ನು ಟೂತ್‌ಪೇಸ್ಟಿನಿಂದ ಉಜ್ಜಿದರೆ ಗೀರು ಅಳಿಯುತ್ತಿತ್ತು. ನೀಲಮಣಿಗೆ ಆ ಉಪಚಾರ ಬೇಡ. ಕಾಠಿಣ್ಯದ ಅಳತೆಯಲ್ಲಿ ವಜ್ರ 10, ನೀಲಮಣಿ 9. ಬೀದಿಯ ಮರಳು 7 ಮಾತ್ರ.

ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದರೆ ಕವಚ ನಿರ್ಮಲವಾಗಿದೆ, ಗಾಜಿನ ಮೇಲೆ ಕೂದಲೆಳೆಯಂತಹ ಗೀರುಗಳಿವೆ! ಬೀದಿಯ ಧೂಳು ಗೀರಬಲ್ಲ ಗಾಜು ನೀಲಮಣಿಯಾಗಲಾರದು. ಕಠಿಣವಾದದ್ದು ಬಿದ್ದರೆ ಒಡೆಯುವುದುಂಟು. ಎಂದೋ ಒಡೆದಾಗ ಯಾರೋ ಸಾಧಾರಣ ಗಾಜನ್ನು ಕೂರಿಸಿರಬೇಕು. ಮಾರಿದವನಿಗೆ ಇದು ತಿಳಿದಿತ್ತೋ ಇಲ್ಲವೋ ನಾನರಿಯೆ.

ಅದೇ ವಾರ ಕುಷ್ಟಗಿಯಿಂದ ಬಂದ ನೆಂಟರೊಬ್ಬರು ಅದನ್ನು ಮೆಚ್ಚಿ, ನಾನು ತೆತ್ತದ್ದಕ್ಕಿಂತ ಹೆಚ್ಚು ಕೊಡಲು ಮುಂದಾದರು. "ಕಾಕಾ, ಗಾಜು ನೀಲಮಣಿಯದೇ ಅಲ್ಲವೇ?" ಎಂದು ಕೇಳಿದರು. "ಡಯಾಸ್ಟಾರಿಗೆ ಅದನ್ನೇ ಹಾಕುತ್ತಾರೆ" ಎಂದೆ. ಮಾತು ಸುಳ್ಳಲ್ಲ, ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಕೊನೆಯದಾಗಿ ಹೇಳುವ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದನ್ನು, ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಇತರರಿಗೆ ವಿವರಿಸಿದ್ದೇನೆ. ಪ್ರತಿ ಸಲವೂ ತುಪ್ಪದ ಕಲಬೆರಕೆಯ ಉದಾಹರಣೆ. ಗಡಿಯಾರದ ಗಾಜು ನನಗೆ ಹೊಳೆದಿರಲಿಲ್ಲ.

ಊಟವಾದ ಮೇಲೆ ಭೂತಗನ್ನಡಿಯನ್ನು ಅವರ ಕೈಗಿತ್ತೆ. ನೋಡಿದರು, ನಕ್ಕರು, ಕೊಳ್ಳಲಿಲ್ಲ. "ಕೇಳಿದಾಗಲೇ ಹೇಳಬಹುದಿತ್ತಲ್ಲ, ಕಾಕಾ" ಎಂದರು.

ಗಡಿಯಾರ ನನ್ನ ಕೈಯಲ್ಲೇ ಇದೆ.