ಉಪ್ಪು ತಿಂದವರ ಮಾತು

ನಾವು ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರಗಳ ಕಡೆಯವರು. ಬಾಂದ್ರಾಕ್ಕೆ ಬಂದು ಇಷ್ಟು ವರ್ಷವಾದರೂ ನಮ್ಮ ಮನೆಯ ಉಪ್ಪಿನಕಾಯಿ ಭರಣಿ ಬರಿದಾದದ್ದಿಲ್ಲ. ಈಗ ಅದು ಅಟ್ಟ ಸೇರಿದೆ. ಆಯಿಯ ಮೂತ್ರಪಿಂಡಗಳು ಸೋತಿವೆ. ಉಪ್ಪು ಕಡಿಮೆ, ನೀರೂ ಅಳತೆಯಲ್ಲಿ ಎಂದಿದ್ದಾರೆ ವೈದ್ಯರು.

“ಉಪ್ಪು ತಿಂದವ ನೀರು ಕುಡಿಯಬೇಕು ಅಂತಾರೆ. ನನಗೆ ಎರಡೂ ಇಲ್ಲವಲ್ಲೋ ತಮಾ!” ಎಂದು ಆಯಿ ನಗುತ್ತಾಳೆ. ನಮಗೆ ನಗು ಬರುವುದಿಲ್ಲ.

ಆ ಗಾದೆಯ ಮರ್ಮ ಮೂತ್ರಪಿಂಡದಲ್ಲೇ ಇದೆ. ಆರೋಗ್ಯವಂತರಲ್ಲಿ ಅವು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬಹುಪಾಲನ್ನು ರಕ್ತಕ್ಕೆ ಮರಳಿಸುತ್ತವೆ. ಹೊರಪದರಕ್ಕಿಂತ ಒಳಭಾಗದಲ್ಲಿ ಸೋಡಿಯಂ ಹೆಚ್ಚು. ಈ ಅಂತರದ ಬಲದಿಂದಲೇ ದೇಹ ನೀರನ್ನು ಉಳಿಸಿಕೊಳ್ಳುತ್ತದೆ.

ಇದನ್ನು ಎಂ.ಆರ್.ಐ. ಯಂತ್ರದಿಂದ ಅಳೆಯಬಹುದಂತೆ. ಸಾಮಾನ್ಯ ಎಂ.ಆರ್.ಐ. ಕೇಳುವುದು ಜಲಜನಕದ ದನಿ. 3 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 128 ಮೆಗಾಹರ್ಟ್ಸ್, ಸೋಡಿಯಂನದು 34. ರೇಡಿಯೋದಲ್ಲಿ ನಿಲಯ ಬದಲಿಸಿದ ಹಾಗೆ! ಆದರೆ ಸೋಡಿಯಂನ ದನಿ ಬಲು ಕ್ಷೀಣ. ಅದಕ್ಕೆಂದೇ ಬೇರೆ ಸುರುಳಿ ಬೇಕು. ನೀರು ಕುಡಿಯದೆ ಇದ್ದವರಲ್ಲಿ ಆ ಅಂತರ ಏರಿದ್ದನ್ನು ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದರು.

ರಕ್ತದ ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಶಕ್ತಿ ಸಾಕಷ್ಟು ಕುಂದಿರುತ್ತದೆ. ಸೋಡಿಯಂ ಚಿತ್ರ ಅದಕ್ಕೂ ಮೊದಲೇ ಸುಳಿವು ಕೊಟ್ಟೀತೆಂಬ ಆಸೆ ಇದೆ. ಆದರೆ ಅದಿನ್ನೂ ಸಂಶೋಧನೆಯ ಮಟ್ಟದಲ್ಲಿದೆ. ಆಯಿಗೆ ಅದು ತಡವಾಯಿತು.

ಈಗ ಮನೆಮಂದಿಯೆಲ್ಲ ಆಯಿಯ ಸಪ್ಪೆ ಸಾರನ್ನೇ ಉಣ್ಣುತ್ತೇವೆ. ಸಂಘದ ಊಟದಲ್ಲಿ ಉಪ್ಪಿನಕಾಯಿ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಒಮ್ಮೊಮ್ಮೆ, ಮರೆತವರಂತೆ, ಹಿಡಿಯುವುದಿಲ್ಲ.